ಎರಡನೆಯ ಸಲ ಕೇಳಿದಾಗ



ನೋಡುಗರ ಬೆರಳು ರಿಮೋಟಿನ ಕಡೆ ಹೋಗದಂತೆ ಕಾಯುವುದು ನನ್ನ ವೃತ್ತಿ. ಅಂಥ ನಾನೇ, ನನ್ನ ಮೆಚ್ಚಿನ ಗಾಯಕರ ಧ್ವನಿಮುದ್ರಿಕೆಯೊಂದನ್ನು ಹನ್ನೊಂದನೆಯ ನಿಮಿಷದಲ್ಲಿ ನಿಲ್ಲಿಸಿಬಿಟ್ಟೆ ಎಂದರೆ ನಿಮಗೆ ನಗು ಬರಬಹುದು.

ಆ ಗಾಯಕರು ಅಮೆರಿಕದ ಪಾಲ್ ಸೈಮನ್. ಜನನ 1941ರಲ್ಲಿ. ತಾವೇ ಬರೆದು, ರಾಗ ಹಾಕಿ, ಹಾಡುವವರು. 1970ರಲ್ಲಿ ಇವರು ಬರೆದು, ಗೆಳೆಯ ಆರ್ಟ್ ಗಾರ್ಫಂಕೆಲ್ ಹಾಡಿದ 'ಬ್ರಿಜ್ ಓವರ್ ಟ್ರಬಲ್ಡ್ ವಾಟರ್' ಲೋಕವನ್ನೇ ಸುತ್ತಿತು. 1986ರ 'ಗ್ರೇಸ್‌ಲ್ಯಾಂಡ್'ಗಾಗಿ ದಕ್ಷಿಣ ಆಫ್ರಿಕದ ಕಲಾವಿದರೊಡನೆ ಕಲೆತರು. ಇವೆಲ್ಲ ಮೊದಲ ಸಲಕ್ಕೇ ನಾಲಿಗೆಗೆ ಹತ್ತುವ ಸಂಗೀತ.

2023ರ ಮೇ ತಿಂಗಳಲ್ಲಿ ಬಂದ 'ಸೆವೆನ್ ಸಾಮ್ಸ್', ಅಂದರೆ ಏಳು ಕೀರ್ತನೆಗಳು, ಹಾಗಲ್ಲ. ಏಳು ಭಾಗಗಳು, ನಡುವೆ ನಿಲುಗಡೆಯಿಲ್ಲ; 33 ನಿಮಿಷಗಳ ಒಂದೇ ಓಟ. ಬೇಕಾದ ಹಾಡಿಗೆ ಹಾರುವಂತಿಲ್ಲ. ಒಂದು ಗಿಟಾರು, ಒಂದು ಮಾಗಿದ ದನಿ, ಅಲ್ಲಲ್ಲಿ ಗಂಟೆಯಂಥ ನಾದ. ವಸ್ತುವೋ ದೇವರು, ಕ್ಷಮೆ, ಸಾವು. ಕೃತಿಯ ಹೆಸರು 2019ರ ಜನವರಿಯ ಒಂದು ಕನಸಿನಲ್ಲಿ ಬಂದಿತೆಂದು ಅವರೇ ಹೇಳಿದ್ದಾರೆ.

ಕೆಲಸ ನಡೆಯುತ್ತಿರುವಾಗಲೇ ಅವರ ಎಡಗಿವಿ ಬಹುಮಟ್ಟಿಗೆ ಕೇಳಿಸದಾಯಿತು. ಇದರ ಅರ್ಥವೇನು ಗೊತ್ತೆ? ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ತಲುಪುವುದು ತುಸು ತಡವಾಗಿ. ಆ ತಡ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಅಂತರವನ್ನೂ, ಎರಡು ಕಿವಿಗಳಿಗೆ ಬೀಳುವ ಸದ್ದಿನ ಏರಿಳಿತವನ್ನೂ ಹೋಲಿಸಿ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಒಂದು ಕಿವಿ ಹೋದರೆ ಈ ಲೆಕ್ಕ ತಪ್ಪುತ್ತದೆ. ಹಲವು ವಾದ್ಯಗಳ ನಡುವೆ ಒಂದನ್ನು ಬೇರ್ಪಡಿಸಿ ಕೇಳುವುದು ಕಷ್ಟವಾಗುತ್ತದೆ. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು?

ಈ ವಿಷಯ ತಿಳಿದ ರಾತ್ರಿ, ದೀಪ ಆರಿಸಿ, ಮುದ್ರಿಕೆಯನ್ನು ಮತ್ತೆ ಹಾಕಿದೆ. ಓದಿದ್ದು ವಿಜ್ಞಾನವಲ್ಲವೇ, ಒಂದು ಪ್ರಯೋಗವೂ ನಡೆಯಿತು: ಸ್ವಲ್ಪ ಹೊತ್ತು ಎಡಗಡೆಯ ಇಯರ್‌ಫೋನನ್ನು ತೆಗೆದೆ. ಕೋಣೆಯ ಗೋಡೆಯೊಂದು ಹತ್ತಿರ ಸರಿದಂತಾಯಿತು. ಮತ್ತೆ ಹಾಕಿಕೊಂಡು, ಈ ಸಲ ಕೊನೆಯವರೆಗೂ ಕೇಳಿದೆ. ಮೊದಲ ಸಲ ಬರಿದೆನಿಸಿದ್ದ ಜಾಗಗಳಲ್ಲಿ ತಂತಿಯ ಕಂಪನ ಆರುವುದು ಕೇಳಿಸಿತು. ಮೊದಲ ಭಾಗದ ಸ್ವರ ಪಲ್ಲವಿಯಂತೆ ಮರಳಿ ಬರುವುದು ಆಗ ತಿಳಿಯಿತು. ಕೊನೆಯಲ್ಲಿ ಪತ್ನಿ ಈಡಿ ಬ್ರಿಕೆಲ್ ದನಿಗೂಡಿಸಿದಾಗ, ಒಬ್ಬಂಟಿ ನಡೆದವರ ಕೈಯನ್ನು ಯಾರೋ ಹಿಡಿದಂತಾಯಿತು.

ಅಭಿಮಾನಿಯೆಂದು ಎಲ್ಲವನ್ನೂ ಹೊಗಳಲಾರೆ. ಮೂರನೆಯ ಭಾಗದ ಲಘು ಧಾಟಿ ನನಗೆ ಈಗಲೂ ಒಗ್ಗಿಲ್ಲ. ಗುನುಗಲು ಒಂದು ಸಾಲೂ ಉಳಿಯುವುದಿಲ್ಲ ಎಂಬ ದೂರಿನಲ್ಲೂ ಸತ್ಯವಿದೆ. ಆದರೆ 2018ರಲ್ಲಿ ವಿದಾಯದ ಪ್ರವಾಸ ಮುಗಿಸಿದ್ದವರು, 2025ರಲ್ಲಿ ಪ್ರವಾಸಕ್ಕೆ ಮರಳಿ ಮೊದಲು ಹಾಡಿದ್ದು ಹಳೆಯ ಜನಪ್ರಿಯ ಗೀತೆಗಳನ್ನಲ್ಲ. ಇದೇ ಕೃತಿಯನ್ನು, ಇಡಿಯಾಗಿ.

ನಿಮಗೂ ಇದು ಮೊದಲ ಸಲ ಹಿಡಿಸದಿರಬಹುದು. ತೀರ್ಪನ್ನು ಮಾತ್ರ ಎರಡನೆಯ ಸಲ ಕೇಳಿದ ಮೇಲೆ ಕೊಡಿ.