ಮೊದಲು ಆ ಗೆರೆಗಳ ಮುಂದೆ ನಿಲ್ಲಿ



ಈ ಪ್ರದರ್ಶನದ ಬಾಗಿಲು ದಾಟಿದ ಕೂಡಲೇ ನಿಮ್ಮ ಕಣ್ಣಿಗೆ ಬೀಳುವುದು ಕಿತ್ತಳೆ ಬಣ್ಣದ ಒಂದು ಉಂಗುರ. ಎಂ87 ಗ್ಯಾಲಕ್ಸಿಯ ನಡುವೆ ಕೂತಿರುವ ಕಪ್ಪುಕುಳಿಯ ಚಿತ್ರ ಅದು. 2019ರ ಏಪ್ರಿಲ್ 10ರಂದು ಲೋಕ ಅದನ್ನು ಮೊದಲ ಬಾರಿ ಕಂಡಿತು. ಅದರ ಮುಂದೆ ಜನ ಸೇರುತ್ತಾರೆ, ಸೇರಲಿ. ಆದರೆ ಎಡಗಡೆಯ ಗೋಡೆಯ ಮೇಲೆ ಕಪ್ಪು-ಬಿಳುಪಿನ ಒಂದು ಸಣ್ಣ ಪಟ್ಟಿಯಿದೆ. 3ಸಿ 273 ಎಂಬ ಕಾಯದ ಬೆಳಕನ್ನು ಬಿಡಿಸಿ ಹರಡಿದ ರೋಹಿತ ಅದು. ಕೆಲವು ಮಸುಕು ಗೆರೆಗಳು ಬಿಟ್ಟರೆ ಅದರಲ್ಲಿ ಬೇರೇನೂ ಕಾಣುವುದಿಲ್ಲ. ಉಂಗುರಕ್ಕಿಂತ ಮೊದಲು ದಯವಿಟ್ಟು ಆ ಗೆರೆಗಳ ಮುಂದೆ ನಿಲ್ಲಿ. ಗ್ಯಾಲಕ್ಸಿಗಳ ಒಡಲಲ್ಲಿ ಏನಿದೆ ಎನ್ನುವುದು ಮನುಷ್ಯನಿಗೆ ತಿಳಿದದ್ದು ಗೆರೆ ಓದಿ. ಚಿತ್ರ ಬಂದದ್ದು ಅದಾಗಿ 56 ವರ್ಷಗಳ ಮೇಲೆ.

ಕೇಂಬ್ರಿಡ್ಜಿನ ರೇಡಿಯೋ ಖಗೋಳಜ್ಞರು ಆಕಾಶದಲ್ಲಿ ರೇಡಿಯೋ ಅಲೆಗಳನ್ನು ಸೂಸುವ ತಾಣಗಳ ಪಟ್ಟಿ ಮಾಡುತ್ತಿದ್ದರು. 3ಸಿ 273 ಎಂದರೆ ಅವರ ಮೂರನೆಯ ಪಟ್ಟಿಯ 273ನೆಯ ನಮೂದು. ಅಂದಿನ ರೇಡಿಯೋ ದೂರದರ್ಶಕಗಳ ನೋಟ ಮಂದವಾಗಿತ್ತು. ಅಲೆ ಕನ್ಯಾ ರಾಶಿಯ ಕಡೆಯಿಂದ ಬರುತ್ತಿದೆ ಎನ್ನಬಹುದಿತ್ತೇ ಹೊರತು, ಇಂಥದೇ ಕಾಯದಿಂದ ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. 1962ರಲ್ಲಿ ಚಂದ್ರ ಅದಕ್ಕೆ ಅಡ್ಡ ಬಂದ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಅಲೆ ನಿಂತ ಕ್ಷಣವನ್ನೂ ಮತ್ತೆ ಕಾಣಿಸಿಕೊಂಡ ಕ್ಷಣವನ್ನೂ ಗುರುತು ಹಾಕಿಕೊಂಡರು. ಆ ಎರಡು ಕ್ಷಣಗಳಲ್ಲಿ ಚಂದ್ರನ ಅಂಚು ಎಲ್ಲಿತ್ತು ಎಂದು ಲೆಕ್ಕ ಹಾಕಿದರೆ ಕಾಯದ ನೆಲೆ ಸಿಕ್ಕಿಬಿಡುತ್ತದೆ. ಅಲ್ಲಿದ್ದದ್ದು ನೀಲಿ ಛಾಯೆಯ, ನಕ್ಷತ್ರದಂಥ ಒಂದು ಚುಕ್ಕೆ. ಸಾಧಾರಣ ಹವ್ಯಾಸಿ ದೂರದರ್ಶಕಕ್ಕೂ ಸಿಗುವಷ್ಟು ಪ್ರಕಾಶ ಅದಕ್ಕಿತ್ತು.

ಖಗೋಳಜ್ಞ ಮಾರ್ಟೆನ್ ಸ್ಮಿಟ್ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಐದು ಮೀಟರ್ ದೂರದರ್ಶಕದಿಂದ ಅದರ ರೋಹಿತ ತೆಗೆದರು. ಗೆರೆಗಳು ಸ್ಪಷ್ಟವಾಗಿದ್ದವು, ಆದರೆ ತಿಳಿದಿದ್ದ ಯಾವ ಧಾತುವಿನ ಗೆರೆಗಳಿಗೂ ಹೊಂದುತ್ತಿರಲಿಲ್ಲ. 1963ರ ಫೆಬ್ರುವರಿಯಲ್ಲಿ ಅವರು ಗೆರೆಗಳ ನಡುವಿನ ಅಂತರವನ್ನು ಗಮನಿಸಿದರು. ನೀಲಿಯ ಕಡೆಗೆ ಹೋದಂತೆ ಅಂತರ ಒಂದು ಕ್ರಮದಲ್ಲಿ ಕಿರಿದಾಗುತ್ತಿತ್ತು. ಆ ಕ್ರಮ ಹೈಡ್ರೋಜನ್ನಿನದು, ಶಾಲೆಯ ಪ್ರಯೋಗಾಲಯದಲ್ಲೂ ಕಾಣಸಿಗುವಂಥದು. ಆದರೆ 486 ನ್ಯಾನೊಮೀಟರ್‌ನಲ್ಲಿ ಇರಬೇಕಾದ ಗೆರೆ 563ರಲ್ಲಿ ಕೂತಿತ್ತು. ಉಳಿದವೂ ಅದೇ ಪ್ರಮಾಣದಲ್ಲಿ, ಸುಮಾರು ಶೇಕಡ 16ರಷ್ಟು, ಕೆಂಪಿನ ಕಡೆಗೆ ಸರಿದಿದ್ದವು. ವಿಶ್ವ ಹಿಗ್ಗುವಾಗ ದೂರದ ಬೆಳಕಿಗೆ ಆಗುವ ಪಲ್ಲಟವಿದು. ನಮ್ಮದೇ ಆಕಾಶಗಂಗೆಯ ನಕ್ಷತ್ರದಂತೆ ಕಂಡದ್ದು 240 ಕೋಟಿ ಜ್ಯೋತಿರ್ವರ್ಷ ಆಚೆ ಇತ್ತು. ರೋಹಿತದ ಪಟ್ಟಿಯ ಮುಂದೆ ನಿಂತಾಗ ಮಕ್ಕಳೇ ಅಂತರಗಳನ್ನು ಅಳೆದು ನೋಡಲಿ ಎಂದು ಅಲ್ಲೊಂದು ಅಳತೆಪಟ್ಟಿ ಇಟ್ಟಿದ್ದಾರೆ. ಈ ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 3ಸಿ 48 ಎಂಬ ಇಂಥದೇ ಕಾಯದ ರೋಹಿತ 1960ರಿಂದಲೇ ಖಗೋಳಜ್ಞರ ಕೈಯಲ್ಲಿತ್ತು. ಎರಡು ವರ್ಷಕ್ಕೂ ಮೀರಿ ಯಾರಿಗೂ ಅರ್ಥವಾಗಿರಲಿಲ್ಲ. ಸ್ಮಿಟ್ ತಮ್ಮ ಗೆರೆಗಳನ್ನು ಓದಿದ ಮೇಲೆ ಅವರ ಸಹೋದ್ಯೋಗಿ ಜೆಸ್ಸಿ ಗ್ರೀನ್‌ಸ್ಟೀನ್ ಹಳೆಯ ಅಳತೆಗಳನ್ನು ತೆಗೆದು ನೋಡಿದರು. ಅಲ್ಲಿ ಪಲ್ಲಟ ಶೇಕಡ 37. ಇಂಥ ಕಾಯಗಳಿಗೆ ಮರುವರ್ಷ ಕ್ವೇಸಾರ್ ಎಂಬ ಹೆಸರು ಬಂತು.

ಅಷ್ಟು ದೂರದಿಂದಲೂ ಅಷ್ಟು ಬೆಳಕು ಬರಬೇಕಾದರೆ 3ಸಿ 273 ಸೂರ್ಯನ ಹಲವು ಲಕ್ಷ ಕೋಟಿ ಪಟ್ಟು ಬೆಳಗುತ್ತಿರಬೇಕು. ಒಂದಿಡೀ ಗ್ಯಾಲಕ್ಸಿಯ ನಕ್ಷತ್ರಗಳನ್ನೆಲ್ಲ ಕೂಡಿಸಿದರೂ ಅದಕ್ಕೆ ಸಾಟಿಯಾಗದು. ಆ ಶಕ್ತಿ ಬರುವ ಜಾಗವಾದರೂ ಎಷ್ಟು ದೊಡ್ಡದು? ಹಾರ್ವರ್ಡ್‌ನಲ್ಲಿ ದಶಕಗಳಿಂದ ಜೋಪಾನ ಮಾಡಿದ್ದ ಛಾಯಾಫಲಕಗಳನ್ನು ಖಗೋಳಜ್ಞರು ಹಿಂದಕ್ಕೆ ಹಿಂದಕ್ಕೆ ತಿರುವಿ ನೋಡಿದರು. 3ಸಿ 273ರ ಪ್ರಕಾಶ ಏರಿಳಿಯುತ್ತಲೇ ಬಂದಿತ್ತು. ಒಂದು ಕಾಯದ ಈ ತುದಿಯಿಂದ ಆ ತುದಿಗೆ ಬೆಳಕು ಹೋಗಲು ಎಷ್ಟು ಕಾಲ ಬೇಕೋ ಅದಕ್ಕಿಂತ ಬೇಗ ಇಡೀ ಕಾಯದ ಪ್ರಕಾಶ ಬದಲಾಗಲಾರದು. ಏರಿಳಿತ ತಿಂಗಳುಗಳಲ್ಲಿ ಆಗುತ್ತದೆಂದರೆ ಆ ಕುಲುಮೆಯ ಅಗಲ ಕೆಲವು ಜ್ಯೋತಿರ್ಮಾಸಗಳನ್ನು ಮೀರಲಾರದು. ಗ್ಯಾಲಕ್ಸಿಯ ಅಗಲ ಲಕ್ಷ ಜ್ಯೋತಿರ್ವರ್ಷ ಎಂಬುದನ್ನು ಪಕ್ಕದಲ್ಲಿಟ್ಟು ಯೋಚಿಸಿ.

ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟು ಶಕ್ತಿ ಎಲ್ಲಿಂದ? 1964ರಲ್ಲಿ ಮಾಸ್ಕೋದ ಜೆಲ್ಡೊವಿಚ್ ಮತ್ತು ಅಮೆರಿಕದ ಸಾಲ್‌ಪೀಟರ್ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ದೈತ್ಯ ಕಪ್ಪುಕುಳಿಗೆ ಬೀಳುವ ಅನಿಲದಿಂದ. 1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ಅದನ್ನು ಸಾಮಾನ್ಯ ಗ್ಯಾಲಕ್ಸಿಗಳಿಗೂ ವಿಸ್ತರಿಸಿದರು. ಶರಾವತಿಯ ನೀರು ನಮಗೆ ವಿದ್ಯುತ್ ಕೊಡುವುದು ಮೇಲಿಂದ ಕೆಳಕ್ಕೆ ಬೀಳುವುದರಿಂದ. ಕಪ್ಪುಕುಳಿಯ ಸುತ್ತಲೂ ನಡೆಯುವುದು ಇದೇ, ಆಳ ಮಾತ್ರ ಊಹೆಗೆ ಸಿಗದಷ್ಟು. ಬೀಳುವ ಅನಿಲ ನೇರವಾಗಿ ಒಳಗೆ ಹೋಗದೆ ತಟ್ಟೆಯಂತೆ ಹರಡಿ ಸುತ್ತುತ್ತದೆ, ಪದರಗಳು ಒಂದನ್ನೊಂದು ಉಜ್ಜಿ ಕಾಯುತ್ತವೆ, ಬೆಳಗುತ್ತವೆ. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಅದರ ರಾಶಿಯಲ್ಲಿ ಶೇಕಡ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಗೆ ಬೀಳುವ ದಾರಿಯಲ್ಲಿ ಶೇಕಡ 6ರಿಂದ, ಕುಳಿ ಜೋರಾಗಿ ತಿರುಗುತ್ತಿದ್ದರೆ, ಸುಮಾರು 40ರ ತನಕ. ವರ್ಷಕ್ಕೆ ಕೆಲವು ಸೂರ್ಯರಷ್ಟು ಅನಿಲ ಸಿಕ್ಕರೆ ಸಾಕು, ಕ್ವೇಸಾರ್ ಉರಿಯುತ್ತದೆ. ಬೆಳಕನ್ನೇ ಬಿಡದ ವಸ್ತುವಿನ ಬಾಗಿಲಲ್ಲಿ ವಿಶ್ವದ ಅತಿ ದೊಡ್ಡ ದೀಪ ಹೊತ್ತಿರುವುದು ಹೀಗೆ.

ಖಗೋಳಜ್ಞ ಕಾರ್ಲ್ ಸೈಫರ್ಟ್ ಅವರನ್ನು ಇಲ್ಲಿ ನೆನೆಯಲೇಬೇಕು. 1943ರಲ್ಲಿ, ಯುದ್ಧದ ನಡುವೆ, ಅವರು ಕೆಲವು ಸುರುಳಿ ಗ್ಯಾಲಕ್ಸಿಗಳ ಅತಿ ಪ್ರಕಾಶದ ನಾಭಿಗಳನ್ನು ಅಧ್ಯಯನ ಮಾಡಿ, ಅಲ್ಲಿನ ರೋಹಿತದ ಗೆರೆಗಳು ವಿಪರೀತ ಅಗಲವಾಗಿವೆ ಎಂದು ತೋರಿಸಿದರು. ಗೆರೆ ಅಗಲವಾಗಿದೆ ಎಂದರೆ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿದೆ ಎಂದರ್ಥ. ಆ ಪ್ರಬಂಧಕ್ಕೆ ಹೆಚ್ಚು ಗಮನ ಸಿಗಲಿಲ್ಲ. 1960ರಲ್ಲಿ ಸೈಫರ್ಟ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಕ್ವೇಸಾರ್‌ಗಳ ಸುದ್ದಿ ಕೇಳಲಿಲ್ಲ. ಅವರು ನೋಡಿದ ಗ್ಯಾಲಕ್ಸಿಗಳು ಕ್ವೇಸಾರ್‌ಗಳ ಸಣ್ಣ ತಮ್ಮಂದಿರು ಎಂದು ಇಂದು ನಮಗೆ ಗೊತ್ತು. ಅವಕ್ಕೆ ಸೈಫರ್ಟ್ ಗ್ಯಾಲಕ್ಸಿಗಳೆಂದೇ ಹೆಸರು.

ನಮ್ಮ ಆಕಾಶಗಂಗೆಯ ನಡುವೆಯೂ ಒಂದು ಕಪ್ಪುಕುಳಿಯಿದೆ. ವೃಶ್ಚಿಕದ ಬಾಲದಲ್ಲಿರುವ ಮೂಲಾ ನಕ್ಷತ್ರದಿಂದ ಸ್ವಲ್ಪ ಉತ್ತರಕ್ಕೆ, ಧನು ರಾಶಿಯ ಗಡಿಯಲ್ಲಿ, ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ. ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ ಅವರ ತಂಡಗಳು ಅಲ್ಲಿನ ನಕ್ಷತ್ರಗಳ ಜಾಗವನ್ನು ವರ್ಷ ವರ್ಷವೂ ಚುಕ್ಕೆಯಿಟ್ಟು ಗುರುತಿಸುತ್ತ ಬಂದವು. ಎಸ್2 ಎಂಬ ನಕ್ಷತ್ರದ ಚುಕ್ಕೆಗಳು 16 ವರ್ಷದಲ್ಲಿ ಒಂದು ಪೂರ್ತಿ ದೀರ್ಘವೃತ್ತವಾದವು. ಅದರ ನಾಭಿಯಲ್ಲಿ ಸುಮಾರು 40 ಲಕ್ಷ ಸೂರ್ಯರ ತೂಕ, ಆದರೆ ಕಣ್ಣಿಗೆ ನಕ್ಷತ್ರವೊಂದೂ ಇಲ್ಲ. 2020ರಲ್ಲಿ ರೋಜರ್ ಪೆನ್‌ರೋಸ್ ಜೊತೆ ಇವರಿಬ್ಬರಿಗೂ ನೊಬೆಲ್ ಬಂತು. ನಮ್ಮ ಕಪ್ಪುಕುಳಿಗೆ ಈಗ ಮೇವು ತೀರಾ ಕಡಿಮೆ. ಅದರ ಮಂದ ಪ್ರಕಾಶ ಸೂರ್ಯನ ಕೆಲವು ನೂರು ಪಟ್ಟಿನಷ್ಟೇ.

ಇನ್ನೊಂದು ಫಲಕದಲ್ಲಿ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರ ಭಾವಚಿತ್ರವಿದೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಜವಾಹರಲಾಲ್ ನೆಹರು ತಾರಾಲಯವನ್ನು ಸ್ಥಾಪಕ ನಿರ್ದೇಶಕರಾಗಿ ಕಟ್ಟಿ ಬೆಳೆಸಿದವರು. ಅವರು ಕಪ್ಪುಕುಳಿಗೆ ಗುರುತ್ವದ ಅಲೆಯೊಂದು ಬಂದು ತಾಗಿದರೆ ಏನಾಗುತ್ತದೆ ಎಂದು ಗಣಿತ ಮಾಡಿ, ಕುಳಿ ಕಂಪಿಸಿ, ಆ ಕಂಪನ ಬೇಗ ಅಡಗುತ್ತದೆ ಎಂದು 1970ರಲ್ಲೇ ತೋರಿಸಿದರು. ಆಗ ಅದನ್ನು ಕಾಗದದ ಮೇಲೆ ವಕ್ರರೇಖೆಯಾಗಿ ಎಳೆಯುವುದು ಮಾತ್ರ ಸಾಧ್ಯವಿತ್ತು. 2016ರ ಫೆಬ್ರುವರಿಯಲ್ಲಿ, ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ ಪ್ರಕಟಿಸಿದ ಸಂಕೇತದ ಕೊನೆಯಲ್ಲಿ, ಎರಡು ಕಪ್ಪುಕುಳಿಗಳು ಕೂಡಿದ ಮರುಕ್ಷಣದಲ್ಲಿ, ಅಂಥ ಕಂಪನವೇ ಅಡಗುತ್ತಿತ್ತು. ಅದನ್ನು ನೋಡಲು ವಿಶ್ವೇಶ್ವರ ಅವರು ಇದ್ದರು ಎಂಬುದು ನನಗೆ ದೊಡ್ಡ ಸಮಾಧಾನ; 2017ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಗ್ಯಾಲಕ್ಸಿಗಳ ನಡುವಿನ ದೈತ್ಯ ಕುಳಿಗಳಿಗೂ ಇದೇ ಗಣಿತ. ತೂಕ ಹೆಚ್ಚಿದಷ್ಟೂ ಕಂಪನ ನಿಧಾನವಾಗುವುದರಿಂದ ಭೂಮಿಯ ಮೇಲಿನ ಉಪಕರಣಕ್ಕೆ ಅದು ದಕ್ಕುವುದಿಲ್ಲ. ಅದಕ್ಕಾಗಿಯೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಲೀಸಾ ಎಂಬ ನೌಕೆಗಳ ತಂಡವನ್ನು ಮುಂದಿನ ದಶಕದಲ್ಲಿ ಹಾರಿಸಲು ಸಿದ್ಧತೆ ನಡೆಸಿದೆ.

ಈಗ ಬೇಕಾದರೆ ಉಂಗುರದ ಮುಂದೆ ಬನ್ನಿ. ಆ ಕಿತ್ತಳೆ ಬಣ್ಣ ನಾವು ಕೊಟ್ಟದ್ದು, ದಾಖಲಾದದ್ದು 1.3 ಮಿಲಿಮೀಟರ್ ರೇಡಿಯೋ ಅಲೆ. ಚಿಲಿ, ಹವಾಯಿ, ಮೆಕ್ಸಿಕೊ, ಸ್ಪೇನ್‌ಗಳ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಒಟ್ಟಿಗೆ ನೋಡಿದವು, ದತ್ತಾಂಶ ತುಂಬಿದ ಡಿಸ್ಕ್‌ಗಳು ವಿಮಾನದಲ್ಲಿ ಹೋದವು, ಎರಡು ವರ್ಷ ಲೆಕ್ಕಾಚಾರ ನಡೆಯಿತು. ಉಂಗುರದ ಅಗಲದಿಂದ ಸಿಕ್ಕ ತೂಕ 650 ಕೋಟಿ ಸೂರ್ಯರು. ಇದೇ ಗ್ಯಾಲಕ್ಸಿಯ ನಡುವಿನಿಂದ ಹೊರಟ ಒಂದು ನೇರ ಕಿರಣವನ್ನು ಹೀಬರ್ ಕರ್ಟಿಸ್ 1918ರಲ್ಲೇ ಛಾಯಾಫಲಕದಲ್ಲಿ ಕಂಡಿದ್ದರು. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಚಿಮ್ಮುವ ಆ ಧಾರೆ ಸಾವಿರಾರು ಜ್ಯೋತಿರ್ವರ್ಷ ಉದ್ದವಿದೆ. ಪರ್ಸಿಯಸ್ ಗ್ಯಾಲಕ್ಸಿಗುಚ್ಛದಲ್ಲಿ ಇಂಥ ಧಾರೆಗಳು ಸುತ್ತಲಿನ ಬಿಸಿ ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದಿರುವುದನ್ನು ಚಂದ್ರಾ ಕ್ಷ-ಕಿರಣ ವೀಕ್ಷಣಾಲಯ ಸೆರೆಹಿಡಿದಿದೆ. ಈ ಗುಳ್ಳೆಗಳು ಅನಿಲವನ್ನು ತಣ್ಣಗಾಗಲು ಬಿಡುವುದಿಲ್ಲ; ಅನಿಲ ತಣ್ಣಗಾಗದಿದ್ದರೆ ಹೊಸ ನಕ್ಷತ್ರ ಹುಟ್ಟದು. ಗ್ಯಾಲಕ್ಸಿಯ ನಡುವಿನ ಇಷ್ಟು ಸಣ್ಣ ಜಾಗ ಇಡೀ ಗ್ಯಾಲಕ್ಸಿಯ ಬೆಳವಣಿಗೆಯನ್ನು ಹಿಡಿದು ನಿಲ್ಲಿಸಬಲ್ಲದು.

ಭಾರತದ ಉಪಕರಣಗಳಿಗೆ ಒಂದು ಕೋಣೆಯನ್ನೇ ಬಿಟ್ಟಿದ್ದಾರೆ. ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿ, ಲಡಾಖಿನ ಹಾನ್ಲೆಯ ಗಾಮಾ ಕಿರಣ ದೂರದರ್ಶಕ ಮೇಸ್, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹ. ಆ ಉಪಗ್ರಹದ ನೀಲಾತೀತ ದೂರದರ್ಶಕ ಜೋಡಣೆಗೊಂಡದ್ದು ಹೊಸಕೋಟೆಯಲ್ಲಿ.

ಕೊನೆಯ ಫಲಕದಲ್ಲಿ ಉತ್ತರವಿಲ್ಲ, ಪ್ರಶ್ನೆಯಿದೆ. ವಿಶ್ವಕ್ಕೆ ಬರೀ 67 ಕೋಟಿ ವರ್ಷವಾಗಿದ್ದಾಗಲೇ 160 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯೊಂದು ಕ್ವೇಸಾರ್ ಆಗಿ ಉರಿಯುತ್ತಿತ್ತು. ಕುಳಿ ಜೋರಾಗಿ ನುಂಗತೊಡಗಿದರೆ ಅದರ ಸುತ್ತಣ ಬೆಳಕೇ ಅನಿಲವನ್ನು ಹೊರಕ್ಕೆ ದಬ್ಬುತ್ತದೆ, ಹಾಗಾಗಿ ಬೆಳೆಯುವುದಕ್ಕೊಂದು ಮಿತಿಯಿದೆ. ಅಷ್ಟು ಬೇಗ ಅಷ್ಟು ದೊಡ್ಡದಾದದ್ದು ಹೇಗೆ? ಸತ್ತ ನಕ್ಷತ್ರದ ಸಣ್ಣ ಬೀಜದಿಂದ ಮಿತಿಮೀರಿ ತಿಂದು ಬೆಳೆಯಿತೋ, ದೊಡ್ಡ ಅನಿಲ ಮೋಡವೇ ನೇರವಾಗಿ ಕುಸಿದು ದೊಡ್ಡ ಬೀಜವಾಯಿತೋ? ಜೇಮ್ಸ್ ವೆಬ್ ದೂರದರ್ಶಕ ಆ ಕಾಲದ ರೋಹಿತಗಳನ್ನು ಈಗ ಒಂದೊಂದಾಗಿ ಕಳಿಸುತ್ತಿದೆ. ಇಲ್ಲಿರುವ ವಿದ್ಯಾರ್ಥಿಗಳೆ, ಆ ದತ್ತಾಂಶ ಕ್ರಮೇಣ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತದೆ. ಕೊನೆಯ ಫಲಕದ ಕೆಳಗಿರುವ ಕಂಪ್ಯೂಟರಿನಲ್ಲಿ ಅಂಥ ಕೆಲವು ರೋಹಿತಗಳನ್ನು ಇಂದೇ ತೆರೆದು ನೋಡಬಹುದು, ಹೈಡ್ರೋಜನ್ ಗೆರೆ ಎಲ್ಲಿಗೆ ಸರಿದಿದೆ ಎಂದು ನೀವೇ ಹುಡುಕಬಹುದು.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಒಳಗೆ ಬನ್ನಿ, ಎಡಗಡೆಯಿಂದ ಶುರುಮಾಡಿ.