ತೊಟ್ಟಿಗೆ ಮೀನು ಬರುವ ಮೊದಲು

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರಿನವರು ಮನೆಗೋ ಶಾಲೆಗೋ ಅಕ್ವೇರಿಯಂ ತರಬೇಕೆಂದರೆ ಹುಬ್ಬಳ್ಳಿ, ದಾವಣಗೆರೆಯಂಥ ಪಟ್ಟಣದ ಅಂಗಡಿಗೆ ಹೋಗಬೇಕು. ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆಂದು ಗಾಜಿನ ತೊಟ್ಟಿ, ಬಣ್ಣದ ಹರಳು, ಏರ್ ಪಂಪ್, ಮೀನು ಎಲ್ಲವನ್ನೂ ಒಂದೇ ಸಲಕ್ಕೆ ಕಟ್ಟಿಸಿಕೊಂಡು ಬರುವುದು ಸಹಜ. ಸಂಜೆಯೊಳಗೆ ನೀರು ತುಂಬಿ ಮೀನು ಬಿಟ್ಟಾಗಿರುತ್ತದೆ. ಎರಡು ಮೂರು ದಿನ ಚುರುಕಾಗಿ ಓಡಾಡಿದ ಮೀನುಗಳು ವಾರದ ಹೊತ್ತಿಗೆ ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತವೆ. ಆಮೇಲೆ ಒಂದೊಂದಾಗಿ ಸಾಯುತ್ತವೆ. ಅಂಗಡಿಯ ಮೀನೇ ಸರಿಯಿರಲಿಲ್ಲ, ಇಲ್ಲವೇ ನಮ್ಮೂರ ನೀರು ಆಗಿಬರಲಿಲ್ಲ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪು ಮೀನಿನದೂ ಅಲ್ಲ, ಊರಿನ ನೀರಿನದೂ ಅಲ್ಲ. ಮೀನನ್ನು ಸಾಕುವ ಶಕ್ತಿ ಆ ತೊಟ್ಟಿಗೆ ಇನ್ನೂ ಬಂದಿರಲಿಲ್ಲ, ಅಷ್ಟೆ.

ಆ ಶಕ್ತಿ ಎಂದರೇನು ಎಂಬುದು ಗೋವಿನಜೋಳ ಬೆಳೆಯುವ ರೈತರಿಗೆ ಬೇರೊಂದು ರೂಪದಲ್ಲಿ ಗೊತ್ತಿರುವ ಸಂಗತಿಯೇ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಾ ಆಗುತ್ತದೆ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್. ಈ ಕೊನೆಯ ಎರಡು ಹಂತಗಳನ್ನು ನಡೆಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್ಸ್ಕಿ ಮಣ್ಣಿನಿಂದ ಅವನ್ನು ಬೇರ್ಪಡಿಸಿ ತೋರಿಸಿದರು. ಅಕ್ವೇರಿಯಂನಲ್ಲೂ ಇದೇ ಕೆಲಸ ನಡೆಯಬೇಕು. ಮೀನು ತನ್ನ ಕಿವಿರುಗಳಿಂದಲೇ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತವನ್ನು ಕಂದಾಗಿಸಿ ಆಮ್ಲಜನಕ ಹೊರದಂತೆ ಮಾಡುತ್ತದೆ. ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಅಷ್ಟು ಕೇಡಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಸಾಕು. ಹಳೆಯ ತೊಟ್ಟಿಯ ಹರಳಿಗೆ, ಫಿಲ್ಟರಿನ ಸ್ಪಂಜಿಗೆ ಈ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಅವು ಬಹಳ ನಿಧಾನವಾಗಿ ಹೆಚ್ಚುವುದರಿಂದ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ನೀರು ಕನ್ನಡಿಯಂತೆ ತಿಳಿಯಾಗಿದೆಯಲ್ಲ, ಇನ್ನೇಕೆ ಕಾಯಬೇಕು ಎಂದು ಕೇಳಬಹುದು. ಕರಗಿದ ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವ ಪ್ರಮಾಣದಲ್ಲಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬೇಳೆ ಬೇಗ ಬೇಯದ, ಪಾತ್ರೆಗೆ ಬಿಳಿ ಪದರ ಕಟ್ಟುವ ಬೋರಿನ ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ, ಎಂದರೆ ಅದರ ಪಿಎಚ್ ಹೆಚ್ಚಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇಕಡಾ 5ನ್ನು ದಾಟುತ್ತದೆ. ಎಂದರೆ ಒಂದೇ ಪ್ರಮಾಣದ ಕೊಳೆ, ಹೆಚ್ಚುಕಡಿಮೆ ಹತ್ತು ಪಟ್ಟು ವಿಷ. ಬೇಸಿಗೆಯ ಬಿಸಿಗೆ ಅದು ಇನ್ನೂ ಏರುತ್ತದೆ. ಹಾಗೆಂದು ಬೋರಿನ ನೀರನ್ನು ತೆಗಳಬೇಕಿಲ್ಲ. ಗಪ್ಪಿ, ಮಾಲಿ, ಪ್ಲೇಟಿ ಮೀನುಗಳಿಗೆ ಗಡಸು ನೀರೇ ಒಗ್ಗುತ್ತದೆ, ತುಸು ಕ್ಷಾರದ ನೀರಿನಲ್ಲಿ ಬ್ಯಾಕ್ಟೀರಿಯಾಗಳೂ ಚೆನ್ನಾಗಿ ಬೆಳೆಯುತ್ತವೆ. ಕಾಯುವ ಮನಸ್ಸಿದ್ದವರಿಗೆ ಈ ನೀರು ಅನುಕೂಲವೇ. ನಲ್ಲಿ ನೀರು ಬಳಸುವವರು ಮಾತ್ರ ಕ್ಲೋರಿನ್ ಹೋಗುವಂತೆ ಒಂದು ದಿನ ಏರ್ ಪಂಪ್ ಓಡಿಸಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕಬೇಕು.

ಕೆರೆಯ ಮೀನಿಗೆ ಯಾವ ಫಿಲ್ಟರ್ ಇದೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕೆರೆಯಲ್ಲಿ ಕೆಸರಿದೆ, ಕಲ್ಲಿದೆ, ಜೊಂಡಿದೆ, ಪಾಚಿಯಿದೆ. ಆ ಮೇಲ್ಮೈಯೆಲ್ಲ ಫಿಲ್ಟರೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು 55 ಲೀಟರ್‌ ಚಿಲ್ಲರೆ ನೀರು ಮಾತ್ರ. ಇನ್ನು ಕೆಲವರು, ಮೊದಲು ಗಟ್ಟಿ ಜಾತಿಯ ನಾಲ್ಕು ಮೀನು ಬಿಟ್ಟು ನೋಡಿ, ಉಳಿದರೆ ಬೇರೆಯವನ್ನು ತನ್ನಿ ಎನ್ನುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಜೀವ ಒತ್ತೆಯಿಡದೆಯೇ ಆಗುವ ಕೆಲಸಕ್ಕೆ ಮೀನನ್ನು ನರಳಿಸುವುದು ಯಾಕೆ? ಖಾಲಿ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತ ದಿನಾ ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಬ್ಯಾಕ್ಟೀರಿಯಾಗೆ ಊಟವಾಗುತ್ತದೆ. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಕಾಯುವ ದಿನ ಕಡಿಮೆಯಾಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿದರೆ ತೊಟ್ಟಿ ತಯಾರು. ಅಷ್ಟಾದ ಮೇಲೂ ಕರೆಂಟ್ ಉಳಿಸಲೆಂದು ರಾತ್ರಿ ಫಿಲ್ಟರ್ ಬಂದ್ ಮಾಡಬಾರದು. ಆ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಸ್ಪಂಜನ್ನು ನಲ್ಲಿ ನೀರಲ್ಲಿ ತಿಕ್ಕಿ ತೊಳೆಯುವುದೂ, ಗಲೀಜಾಯಿತೆಂದು ನೀರನ್ನೆಲ್ಲ ಒಮ್ಮೆಲೇ ಚೆಲ್ಲುವುದೂ ಕಟ್ಟಿದ್ದನ್ನು ಕೆಡವಿದಂತೆಯೇ.

ಮೀನು ತಂದ ದಿನ ದೀಪ ಆರಿಸಿ, ಚೀಲವನ್ನು ಬಿಚ್ಚದೆ ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಬಿಡಿ. ಒಳಗಿನ, ಹೊರಗಿನ ಉಷ್ಣತೆ ಸಮವಾಗುತ್ತದೆ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಒಂದೊಂದು ಲೋಟ ಸೇರಿಸುತ್ತ ಅರ್ಧ ಗಂಟೆಯಲ್ಲಿ ಮುಗಿಸಿ. ಇನ್ನೂ ನಿಧಾನ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಯಾವಾಗಲೂ ಅಲ್ಲ. ಚೆನ್ನೈನ ಕೊಳತ್ತೂರಿನಂಥ ದೂರದ ಪೇಟೆಯಿಂದ ಇಡೀ ದಿನ ಕಟ್ಟಿಟ್ಟ ಚೀಲದಲ್ಲಿ ಬಂದ ಮೀನಿನ ವಿಷಯ ಬೇರೆ. ಅದರ ಉಸಿರಿನ ಇಂಗಾಲದ ಡೈಆಕ್ಸೈಡ್ ಚೀಲದ ನೀರಿನ ಪಿಎಚ್ ತಗ್ಗಿಸಿ, ಕೂಡಿದ ಅಮೋನಿಯಾದ ವಿಷವನ್ನು ಹಿಡಿದಿಟ್ಟಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ, ಪಿಎಚ್ ಏರಿ, ವಿಷ ಎಚ್ಚರಗೊಳ್ಳುತ್ತದೆ. ಅಂಥ ಮೀನನ್ನು ಉಷ್ಣತೆ ಸಮವಾದ ಕೂಡಲೇ ಹೊರತೆಗೆಯುವುದು ಲೇಸು. ಎರಡೂ ಸಂದರ್ಭಗಳಲ್ಲಿ ಮೀನನ್ನಷ್ಟೇ ಬಲೆಯಿಂದ ಎತ್ತಿ ಬಿಡಬೇಕು, ಚೀಲದ ನೀರು ತೊಟ್ಟಿಗೆ ಬೀಳಬಾರದು. ಆ ದಿನ ಆಹಾರ ಬೇಡ. ಒಂದು ದಿನದ ಹಸಿವಿಗೆ ಮೀನು ಸಾಯುವುದಿಲ್ಲ. ಮೊದಲ ಸಲಕ್ಕೆ ಮೂರು ನಾಲ್ಕು ಸಣ್ಣ ಮೀನು ಸಾಕು. ಬ್ಯಾಕ್ಟೀರಿಯಾಗಳ ಸಂಖ್ಯೆ ಸಿಕ್ಕ ಊಟಕ್ಕೆ ತಕ್ಕಷ್ಟೇ ಇರುವುದರಿಂದ, ಮುಂದಿನ ಮೀನುಗಳನ್ನು ತರುವ ಮೊದಲು ಎರಡು ವಾರ ಬಿಟ್ಟು ನೀರನ್ನು ಇನ್ನೊಮ್ಮೆ ಪರೀಕ್ಷಿಸಿ.