ಕೋವಿಯನ್ನು ಮಗನ ಕೈಗೆ ಕೊಡುವ ಮುನ್ನ

(ಮಲೆನಾಡಿನ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮಣ್ಣಿನ ಫಲವತ್ತತೆ, ಅಡಿಕೆಯ ಕೊಳೆರೋಗ, ಸೊಪ್ಪಿನ ಬೆಟ್ಟ ಇಂತಹ ವಿಷಯಗಳನ್ನು ಕುರಿತು ಮಾತನಾಡಲು ನನ್ನನ್ನು ಕರೆಯುವುದು ವಾಡಿಕೆ. ಇಂದು ಸಂಘಟಕರ ಅನುಮತಿ ಪಡೆದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ತೋಟಗಳಿಗೆ ಹೋದಾಗ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳುವುದುಂಟು: “ನನಗೆ ವಯಸ್ಸಾಯಿತು, ರಾತ್ರಿ ಮಾಳಕ್ಕೆ ಹೋಗಲಾಗುವುದಿಲ್ಲ. ಮಗನಿಗೆ ಹದಿನೆಂಟು ತುಂಬಿತು. ಮನೆಯ ಕೋವಿಯನ್ನು ಅವನಿಗೆ ಕೊಟ್ಟುಬಿಡಬಹುದೇ?”

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದೆ: ಕೊಡಬಾರದು. ಆದರೆ ಏಕೆ ಕೊಡಬಾರದು, ಎಂದು ಕೊಡಬಹುದು, ಹೇಗೆ ಕೊಡಬಹುದು ಎಂಬುದನ್ನು ತಿಳಿಯದೆ ಬರಿಯ ಉತ್ತರದಿಂದ ಪ್ರಯೋಜನವಿಲ್ಲ.

ಮೊದಲಿಗೆ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಅದು 1998ರ ಮಾತು. ನನಗೆ ಆಗ ಹತ್ತೊಂಬತ್ತು ವರ್ಷ. ತಂದೆಯವರಿಗೆ ಮೊಣಕಾಲಿನ ನೋವು ಹೆಚ್ಚಾಗಿತ್ತು. ಬತ್ತ ತೆನೆ ಬಾಗಿ ನಿಂತಿದ್ದ ದಿನಗಳಲ್ಲಿ ಒಂದು ಸಂಜೆ ಅವರು ಗೋಡೆಯ ಮೇಲಿದ್ದ ಕೇಪಿನ ಕೋವಿಯನ್ನು ಇಳಿಸಿ ನನ್ನ ಕೈಗಿತ್ತು, “ಇನ್ನು ಮುಂದೆ ಇದು ನಿನ್ನದು” ಎಂದರು. ಮನೆಯ ಜವಾಬ್ದಾರಿಯನ್ನೇ ನನಗೆ ವಹಿಸಿದಂತೆ ಭಾವಿಸಿ ನಾನು ಹಿಗ್ಗಿದೆ. ಅದಾಗಿ ಕೆಲವೇ ದಿನಗಳಲ್ಲಿ, ನಡುರಾತ್ರಿಯಲ್ಲಿ, ಗದ್ದೆಯಂಚಿನ ಮಟ್ಟಿಯಲ್ಲಿ ಸರಸರ ಸದ್ದಾಯಿತು. ಹಂದಿಯೆಂದೇ ಬಗೆದು ಗುರಿ ಹಿಡಿದೆ. ಕುದುರೆಯ ಮೇಲೆ ಬೆರಳಿಟ್ಟಿದ್ದೆ. ಆ ಕ್ಷಣದಲ್ಲಿ ಕತ್ತಲೆಯೊಳಗಿನಿಂದ ಕೆಮ್ಮೊಂದು ಕೇಳಿಸಿತು. ಆಟ ನೋಡಿ ಮರಳುತ್ತಿದ್ದ ನೆರೆಮನೆಯ ಹಿರಿಯರು ಅವರು. ಕೈಯಲ್ಲಿದ್ದ ಸೂಡಿ ಆರಿಹೋಗಿ, ಅಂಚು ಹಿಡಿದು ನಡೆದು ಬರುತ್ತಿದ್ದರು. ಆ ಒಂದು ಕೆಮ್ಮು ಎರಡು ಮನೆಗಳನ್ನು ಉಳಿಸಿತು. ಈ ಸಂಗತಿಯನ್ನು ನಾನು ತಂದೆಯವರಿಗೆ ಕೊನೆಯವರೆಗೂ ಹೇಳಲಿಲ್ಲ.

ಅಂದು ನಾವಿಬ್ಬರೂ ತಪ್ಪಿತಸ್ಥರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೊಟ್ಟ ತಂದೆಯದೂ ತಪ್ಪು, ತೆಗೆದುಕೊಂಡ ಮಗನದೂ ತಪ್ಪು. ಅದರ ಹಿಂದೆ ದುರುದ್ದೇಶವಿರಲಿಲ್ಲ, ಇದ್ದದ್ದು ಪ್ರೀತಿ ಮತ್ತು ನಂಬಿಕೆ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ.

ನಮ್ಮ ದೇಶದಲ್ಲಿ ಕೋವಿಯ ವಿಚಾರವನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ರಚಿತವಾದ 2016ರ ನಿಯಮಗಳು. ಕಾಯ್ದೆಯ 3ನೆಯ ವಿಧಿಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಕೋವಿಯನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹಿಡಿದು ನಡೆಯುವಂತಿಲ್ಲ. ಇಲ್ಲಿ ನಮ್ಮ ಜನ ಸಾಮಾನ್ಯವಾಗಿ ಎಡವುವ ಸ್ಥಳವೊಂದಿದೆ. ಗದ್ದೆ ತೋಟಗಳಂತೆ ಕೋವಿಯೂ ಮನೆತನದ ಆಸ್ತಿಯೆಂದು ನಾವು ತಿಳಿಯುತ್ತೇವೆ. ಕೋವಿ ಮನೆಯದಾಗಿರಬಹುದು, ಆದರೆ ಪರವಾನಗಿ ಮನೆಯದಲ್ಲ. ಅದು ಒಬ್ಬ ವ್ಯಕ್ತಿಗೆ, ಅವನ ನಡತೆಯನ್ನೂ ಅಗತ್ಯವನ್ನೂ ವಿಚಾರಿಸಿ, ಗೊತ್ತಾದ ಅವಧಿಗೆ ನೀಡಿದ ಅನುಮತಿ. ತಂದೆಯ ಚಾಲನಾ ಪರವಾನಗಿಯ ಬಲದಿಂದ ಮಗ ಬಸ್ಸು ಓಡಿಸಲಾಗದು. ಕೋವಿಯ ವಿಚಾರವೂ ಹಾಗೆಯೇ.

ಇನ್ನು ವಯಸ್ಸಿನ ವಿಚಾರ. ವಿದ್ಯಾರ್ಥಿ ಮಿತ್ರರು ಇದನ್ನು ಗಮನವಿಟ್ಟು ಕೇಳಬೇಕು. ಹದಿನೆಂಟಕ್ಕೆ ನಿಮಗೆ ಮತದಾನದ ಹಕ್ಕು ಬರುತ್ತದೆ, ಆಸ್ತಿಯ ಕರಾರಿಗೆ ಸಹಿ ಹಾಕುವ ಅಧಿಕಾರ ಬರುತ್ತದೆ. ಆದರೆ ಕಾಯ್ದೆಯ 9ನೆಯ ವಿಧಿಯಂತೆ 21 ವರ್ಷ ತುಂಬದವರು ಕೋವಿಯನ್ನು ಹೊಂದುವಂತೆಯೂ ಇಲ್ಲ, ಹಿಡಿದು ತಿರುಗುವಂತೆಯೂ ಇಲ್ಲ. ಗೊತ್ತುಪಡಿಸಿದ ಷರತ್ತುಗಳಿಗೆ ಒಳಪಟ್ಟ ಗುರಿಕಾರಿಕೆಯ ತರಬೇತಿಗೆ ಮಾತ್ರ ವಿನಾಯಿತಿ ಉಂಟು. ರಾತ್ರಿ ಗದ್ದೆ ಕಾಯುವುದು ತರಬೇತಿಯಲ್ಲ. ಮೊದಲು ಈ ವಯಸ್ಸಿನ ಮಿತಿ 16 ಆಗಿತ್ತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. “ನಾನು ಹದಿನೇಳಕ್ಕೇ ಕೋವಿ ಹಿಡಿದವನು” ಎಂದು ಅಜ್ಜಂದಿರು ಹೇಳುವಾಗ ಅವರು ಸುಳ್ಳು ಹೇಳುತ್ತಿಲ್ಲ, ಹಳೆಯ ಕಾಲದ ಮಾತನ್ನು ಹೇಳುತ್ತಿದ್ದಾರೆ. ಅದೇ 9ನೆಯ ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ: ಇಂತಹ ನಿಷೇಧಕ್ಕೆ ಒಳಗಾದವನೆಂದು ತಿಳಿದೂ ಅವನಿಗೆ ಕೋವಿಯನ್ನು ವರ್ಗಾಯಿಸಿದವನು ಸಹ ಅಪರಾಧಿ.

“ನಾವು ಮಾರಲಿಲ್ಲವಲ್ಲ, ಉಡುಗೊರೆಯಾಗಿ ಕೊಟ್ಟೆವು” ಎಂಬ ವಾದವೂ ನಿಲ್ಲುವುದಿಲ್ಲ. ಕಾಯ್ದೆಯ 2ನೆಯ ವಿಧಿಯು ‘ವರ್ಗಾವಣೆ’ ಎಂಬ ಪದಕ್ಕೆ ಅರ್ಥ ಹೇಳುವಾಗ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ಮನೆ ಕೊಡುವುದು, ಸ್ವಾಧೀನ ಬಿಟ್ಟುಕೊಡುವುದು ಇವೆಲ್ಲವನ್ನೂ ಸೇರಿಸಿದೆ. ಹುಟ್ಟುಹಬ್ಬಕ್ಕೆ ಕೊಟ್ಟರೂ ವರ್ಗಾವಣೆಯೇ, ಒಂದು ರಾತ್ರಿಗೆ ಎರವಲು ಕೊಟ್ಟರೂ ವರ್ಗಾವಣೆಯೇ.

ಹಾಗಾದರೆ ನ್ಯಾಯಬದ್ಧ ಮಾರ್ಗ ಯಾವುದು? 21 ತುಂಬಿದ ಮಗನೋ ಮಗಳೋ ಮೊದಲು ತನ್ನ ಹೆಸರಿನಲ್ಲಿ ಪರವಾನಗಿಗಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸರ ವರದಿಯನ್ನು ತರಿಸಿ ಅವರು ತೀರ್ಮಾನಿಸುತ್ತಾರೆ. ಪರವಾನಗಿ ದೊರೆತ ಮೇಲೂ ತಂದೆ ಕೋವಿಯನ್ನು ಆ ದಿನವೇ ಕೊಡುವಂತಿಲ್ಲ. 5ನೆಯ ವಿಧಿಯಂತೆ, ಯಾರಿಗೆ ಕೊಡುತ್ತೇನೆಂಬುದನ್ನು ಹೆಸರು ವಿಳಾಸಗಳ ಸಹಿತ ಜಿಲ್ಲಾ ದಂಡಾಧಿಕಾರಿಗಳಿಗೋ ಸಮೀಪದ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಇದಲ್ಲದೆ 2016ರ ನಿಯಮಗಳಲ್ಲಿ ವಾರಸುದಾರರಿಗೆಂದೇ ಒಂದು ದಾರಿಯಿದೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಅವನು 25 ವರ್ಷ ಕೋವಿಯನ್ನು ಹೊಂದಿದ್ದರೆ, ಜೀವಂತನಿರುವಾಗಲೇ ತನ್ನ ವಾರಸುದಾರರಲ್ಲಿ ಒಬ್ಬರನ್ನು ಸೂಚಿಸಬಹುದು. ಆ ವಾರಸುದಾರನೂ ಎಲ್ಲರಂತೆ ಅರ್ಹನಾಗಿರಬೇಕು, ವಯಸ್ಸು ತುಂಬಿರಬೇಕು. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲವೆಂದು 2019ರ ತಿದ್ದುಪಡಿ ವಿಧಿಸಿದೆ. ವಂಶಪಾರಂಪರ್ಯವಾಗಿ ಬಂದ ಕೋವಿಗೂ ಈ ಮಿತಿ ಅನ್ವಯಿಸುತ್ತದೆ.

ಶಿಕ್ಷೆಯನ್ನು ಹೆದರಿಸಲೆಂದು ಹೇಳುತ್ತಿಲ್ಲ, ತಿಳಿದಿರಲೆಂದು ಹೇಳುತ್ತೇನೆ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡವನಿಗೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಓದುತ್ತಿರುವ ಹುಡುಗನ ಮೇಲೆ ಇಂತಹ ಒಂದು ಮೊಕದ್ದಮೆ ದಾಖಲಾದರೆ ಅವನ ನೌಕರಿಯ ಕನಸು ಏನಾಗುತ್ತದೆಂಬುದನ್ನು ಪೋಷಕರು ಯೋಚಿಸಬೇಕು.

ನಮ್ಮಲ್ಲಿ ಕೆಲವರು ಕೊಡಗಿನ ಉದಾಹರಣೆ ಕೊಡುತ್ತಾರೆ. ಅಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು ಹೊಡೆಯುವ ಪದ್ಧತಿಯಿದೆ, ಕೈಲ್ ಪೋಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕಾಯ್ದೆಯ 41ನೆಯ ವಿಧಿಯಡಿ ಕೇಂದ್ರ ಸರ್ಕಾರ ವಿನಾಯಿತಿ ನೀಡಿದೆ. ಅದನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅದು ಷರತ್ತುಗಳುಳ್ಳ, ನಿರ್ದಿಷ್ಟ ಜನರಿಗೆ ಮಾತ್ರ ಸಲ್ಲುವ ವಿನಾಯಿತಿ. ತೀರ್ಥಹಳ್ಳಿಯ, ಶೃಂಗೇರಿಯ, ಸಿದ್ದಾಪುರದ ನಾವು ಅದರ ನೆರಳಿನಲ್ಲಿ ನಿಲ್ಲಲಾಗದು.

ಇಲ್ಲಿಯವರೆಗೆ ಹೇಳಿದ್ದು ಕೋವಿ ಯಾರ ಕೈಯಲ್ಲಿರಬೇಕೆಂಬ ಮಾತು. ಆ ಕೋವಿಯಿಂದ ಏನು ಮಾಡಬಹುದೆಂಬುದು ಬೇರೆಯೇ ಪ್ರಶ್ನೆ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. 2022ರ ತಿದ್ದುಪಡಿಯಲ್ಲಿ ಕಾಡುಹಂದಿಯನ್ನು ಎರಡನೆಯ ಅನುಸೂಚಿಯಲ್ಲಿ ಇರಿಸಲಾಗಿದೆ. ಅಂತಹ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾದರೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಅನುಮತಿ ನೀಡಬಹುದು. ಆ ಲಿಖಿತ ಅನುಮತಿಯಿಲ್ಲದೆ ಹೊಡೆದರೆ ಅದು ಅಪರಾಧ. ಅಪರಾಧ ಸಾಬೀತಾದರೆ ನ್ಯಾಯಾಲಯವು ಕೋವಿಯ ಪರವಾನಗಿಯನ್ನು ರದ್ದುಪಡಿಸಿ, 5 ವರ್ಷ ಹೊಸ ಪರವಾನಗಿಗೆ ಅನರ್ಹನೆಂದು ಆದೇಶಿಸಬಹುದು.

ನಮ್ಮ ಊರುಗಳಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ವಿಧಿಯಿದೆ. ಶರಾವತಿ ಕಣಿವೆ, ಮೂಕಾಂಬಿಕಾ, ಸೋಮೇಶ್ವರ, ಭದ್ರಾ ಮುಂತಾದ ಅಭಯಾರಣ್ಯಗಳು ನಮ್ಮ ಸುತ್ತ ಹಬ್ಬಿವೆ. ವನ್ಯಜೀವಿ ಕಾಯ್ದೆಯ 34ನೆಯ ವಿಧಿಯಂತೆ ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಹೊಸ ಕೋವಿ ಪರವಾನಗಿ ನೀಡುವಂತಿಲ್ಲ. ತಂದೆಗಿದ್ದ ಪರವಾನಗಿ ಮಗನಿಗೂ ತಾನಾಗಿಯೇ ಬರುತ್ತದೆಂದು ನಂಬಿ ಕುಳಿತವರು ಇದನ್ನು ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

“ಕಾನೂನಿನ ಮಾತು ಸರಿ ಸ್ವಾಮಿ, ಹಂದಿ ತಿಂದ ಬತ್ತಕ್ಕೆ ಯಾರು ಹೊಣೆ?” ಎಂದು ನೀವು ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಮಣ್ಣಾಗುವುದನ್ನು ನಾನೂ ಕಂಡವನು. ಆದರೆ ಒಂಟಿ ಹುಡುಗನ ಕೈಯ ಕೇಪಿನ ಕೋವಿ ಎಷ್ಟು ಬೆಳೆಯನ್ನು ಉಳಿಸಿದೆ? ಹಂದಿಗೆ ದೃಷ್ಟಿ ಮಂದ, ಮೂಗು ಮಾತ್ರ ಬಹಳ ಚುರುಕು. ನಾವು ಅದನ್ನು ಕಾಣುವ ಮೊದಲೇ ಅದು ನಮ್ಮನ್ನು ಮೂಸಿ ತಿಳಿದಿರುತ್ತದೆ. ಒಂದು ಈಡಿಗೆ ಹಿಂಡು ಚದುರಿ ಪಕ್ಕದವರ ಗದ್ದೆಗೆ ಇಳಿಯುತ್ತದೆ. ಅದಕ್ಕಿಂತ ಇಡೀ ಬಯಲಿನವರು ಒಟ್ಟುಗೂಡಿ ಸೌರ ಬೇಲಿ ಹಾಕಿಕೊಳ್ಳುವುದು ಹೆಚ್ಚು ಫಲಕಾರಿ. ಅದರಲ್ಲಿ ಹರಿಯುವುದು ಕ್ಷಣಮಾತ್ರದ ಮಿಡಿತ, ಹೆದರಿಸುತ್ತದೆ, ಕೊಲ್ಲುವುದಿಲ್ಲ. ಹಂದಿಗಾಗಿ ಹಾಕುವಾಗ ಕೆಳಗಿನ ತಂತಿ ನೆಲಕ್ಕೆ ಸಮೀಪವಿರಬೇಕು. ಕಳೆಗಿಡ ತಂತಿಗೆ ತಾಗಿದರೆ ವಿದ್ಯುತ್ತು ಸೋರಿಹೋಗುತ್ತದೆ, ಆದ್ದರಿಂದ ಅಡಿಯನ್ನು ಆಗಾಗ ಸವರುತ್ತಿರಬೇಕು. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಮಾತ್ರ ಸರ್ವಥಾ ಕೂಡದು. ಅದು ಹಂದಿಯನ್ನೂ ಮನುಷ್ಯನನ್ನೂ ಬೇರ್ಪಡಿಸಿ ನೋಡುವುದಿಲ್ಲ. ಬೆಳೆ ನಷ್ಟವಾದ ದಿನವೇ ಛಾಯಾಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಊರಿಗೊಂದು ನಷ್ಟದ ಪುಸ್ತಕವನ್ನು ಇಡಬೇಕು. ಯಾವ ತಿಂಗಳು, ಯಾವ ಗದ್ದೆ, ಯಾವ ಪ್ರಾಣಿ, ಎಷ್ಟು ಗುಂಟೆ ಎಂಬ ದಾಖಲೆಯಿಲ್ಲದೆ ನಮ್ಮ ಮಾತಿಗೆ ಬೆಲೆ ಬರುವುದಿಲ್ಲ. ಇದನ್ನು ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಲೆಂಬುದು ನನ್ನ ಕೋರಿಕೆ.

ಕೊನೆಯದಾಗಿ ನನ್ನ ಮನೆಯ ಕಥೆಯ ಉಳಿದ ಭಾಗ. ತಂದೆಯವರು 2011ರಲ್ಲಿ ತೀರಿಕೊಂಡರು. ಕೋವಿ ಗೋಡೆಯ ಮೇಲೆಯೇ ಉಳಿಯಿತು. ಅದನ್ನು ಯಾರೂ ಮುಟ್ಟಲಿಲ್ಲ, ಅವರ ನೆನಪೆಂದು ತಾಯಿಯವರು ಧೂಳು ಒರೆಸುತ್ತಿದ್ದರು. 2013ರ ವಿಧಾನಸಭಾ ಚುನಾವಣೆಯ ಕಾಲಕ್ಕೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಸೂಚನೆ ಬಂತು. ಕೊಂಡೊಯ್ದೆ. ಅಧಿಕಾರಿಗಳು ಪರವಾನಗಿ ಪುಸ್ತಕವನ್ನು ತೆರೆದು, “ಇವರೆಲ್ಲಿ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ವರ್ಷ ನಮ್ಮ ಮನೆಯಲ್ಲಿದ್ದದ್ದು ಪರವಾನಗಿಯಿಲ್ಲದ ಕೋವಿ. ಸ್ವಾಧೀನವು ಯಾವುದೇ ಕಾರಣದಿಂದ ಕಾನೂನುಬದ್ಧವಾಗಿ ಉಳಿಯದಿದ್ದಾಗ ತಡಮಾಡದೆ ಕೋವಿಯನ್ನು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕೆಂದು 21ನೆಯ ವಿಧಿ ಹೇಳುತ್ತದೆ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಮಾರಬಹುದು. ಡಾಕ್ಟರೇಟ್ ಪಡೆದ ನನಗೆ ಇಷ್ಟೂ ತಿಳಿದಿರಲಿಲ್ಲ. ಅಂದು ಆ ಅಧಿಕಾರಿಗಳು ತಿಳಿಹೇಳಿ ಕೋವಿಯನ್ನು ಪಡೆದುಕೊಂಡರು. ನಾನು ಅದನ್ನು ಮರಳಿ ಕೇಳಲಿಲ್ಲ. ಗೋಡೆಯ ಆ ಮೊಳೆಯಲ್ಲಿ ಈಗ ತಂದೆಯವರ ಭಾವಚಿತ್ರವಿದೆ.

ಎಲ್ಲರೂ ನನ್ನಂತೆ ಬಿಟ್ಟುಕೊಡಬೇಕೆಂದು ನಾನು ಹೇಳುವುದಿಲ್ಲ. ಇಂದು ರಾತ್ರಿ ಮನೆಗೆ ಹೋದ ಮೇಲೆ ಪರವಾನಗಿ ಪುಸ್ತಕವನ್ನು ತೆರೆದು ಎರಡನ್ನು ನೋಡಿ: ಅದರಲ್ಲಿ ಯಾರ ಹೆಸರಿದೆ, ಯಾವ ತಾರೀಖಿನವರೆಗೆ ಇದೆ. ಆ ಹೆಸರಿನವರು ಬದುಕಿಲ್ಲದಿದ್ದರೆ, ಅಥವಾ ಆ ತಾರೀಖು ಕಳೆದಿದ್ದರೆ, ನಾಳೆಯೇ ಠಾಣೆಗೆ ಹೋಗಿ. ಮಗನಿಗೆ ಇಪ್ಪತ್ತೊಂದು ತುಂಬಿಲ್ಲದಿದ್ದರೆ ಕೋವಿಯನ್ನು ಬೀಗದೊಳಗಿಟ್ಟು ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ.